ಕನ್ನಡಿಯೊಳಗಿನ ಎಡಗೈ

“ಇದು ನನ್ನ ಕೈ ಅಲ್ಲ ಬಿಡವ್ವ,” ಎಂದ ಕರಿಬಸಯ್ಯ.

ಸಿಂಧನೂರಿನ ಫಿಜಿಯೋಥೆರಪಿ ಕೋಣೆಯಲ್ಲಿ ಅವನ ಎರಡು ಕೈಗಳ ನಡುವೆ ಒಂದು ಕನ್ನಡಿಯನ್ನು ಗೋಡೆಯಂತೆ ನಿಲ್ಲಿಸಿದ್ದರು. ಮುಷ್ಟಿ ಕಟ್ಟಿಕೊಂಡ ಎಡಗೈ ಕನ್ನಡಿಯ ಹಿಂದೆ ಮರೆಯಾಗಿತ್ತು. ಮುಂದಿದ್ದ ಬಲಗೈಯನ್ನು ಮಡಚಿ ಬಿಚ್ಚಿದರೆ, ಕನ್ನಡಿಯೊಳಗೆ ಒಂದು ಎಡಗೈ ಚಂದಾಗಿ ಮಡಚಿ ಬಿಚ್ಚುತ್ತಿತ್ತು.

“ಅಲ್ಲಂತ ನಮಗ ಗೊತ್ತೈತ್ರಿ ಅಯ್ಯಾರ, ತಲಿಗೆ ಗೊತ್ತಿಲ್ಲ,” ಎಂದಳು ವಿಜಯಶ್ರೀ. ದಿನಕ್ಕೆ ಇಪ್ಪತ್ತು ಮಂದಿಯ ಕೈಕಾಲು ಎಳೆದು ಮಡಚುವ ಹುಡುಗಿ, ಮಾತಿನಲ್ಲಿ ಸೋಲುವವಳಲ್ಲ. “ನಿಮ್ಮ ಕೈ ಎಲ್ಲೂ ಹೋಗಿಲ್ರಿ. ತಲಿ ಅದನ್ನ ಮರ್ತೈತಿ. ಕಣ್ಣು ದಿನಾ ತೋರಿಸಿದ್ರ ನಂಬತೈತಿ, ನಂಬಿದ್ರ ದಾರಿ ಹುಡುಕತೈತಿ. ಬಲಗೈಯಾಗಿನ ಆ ಉಂಗುರ ತೆಗೀರಿ ಮೊದ್ಲು. ಎಡಗೈಗೆ ಇಲ್ಲದ್ದು ಕನ್ನಡ್ಯಾಗ ಕಂಡ್ರ ತಲಿಗೆ ಸಂಶಯ ಬರತೈತಿ.”

“ಎಲ್ಲಾರಿಗೂ ಬಂದೈತೇನು ಕೈ?”

“ಎಲ್ಲಾರಿಗೂ ಅಂತ ಹೆಂಗ ಹೇಳ್ಲಿ? ಬಂದವ್ರು ಅದಾರ. ಆದ್ರ ನೀವು ಉಣ್ಣದ ಕುಂತ್ರ ಕೈಗೆ ಕಸುವು ಎಲ್ಲಿಂದ ಬರಬೇಕ್ರಿ?”

ಕರಿಬಸಯ್ಯ ಬಲಗೈಯನ್ನು ಮತ್ತೆ ಮಡಚತೊಡಗಿದ. ಹೆಂಡತಿ ಪಾರ್ವತೆಮ್ಮ ಕಿಟಕಿಯ ಕಡೆ ನೋಡಿದಳು.

ಎರಡು ತಿಂಗಳ ಹಿಂದೆ, ಮುಂಜಾನೆ ಪೂಜೆಗೆ ಕುಳಿತಾಗಲೇ ಅವನಿಗೆ ಲಕ್ವಾ ಹೊಡೆದಿತ್ತು. ಎಡ ಅಂಗೈ ಮೇಲಿದ್ದ ಇಷ್ಟಲಿಂಗ ಜಾರಿ ತಾಮ್ರದ ತಟ್ಟೆಗೆ ಠಣ್ ಎಂದು ಬಿತ್ತು. ಬಾಯಿ ಸೊಟ್ಟಗಾದದ್ದು ಅವನಿಗೆ ತಿಳಿಯಲಿಲ್ಲ, ಕಾಲು ಸೋತದ್ದು ತಿಳಿಯಲಿಲ್ಲ. ಆ ಸಪ್ಪಳ ಮಾತ್ರ ತಿಳಿಯಿತು. ಬಾಯಿ, ಕಾಲು ಹದಿನೈದು ದಿನದಲ್ಲಿ ಅರ್ಧಮರ್ಧ ತಿರುಗಿ ಬಂದವು. ಕೈ ಬರಲಿಲ್ಲ. ಮಸ್ಕಿಯ ಅರ್ಧ ಊರಿನ ಮಕ್ಕಳಿಗೆ ಲಿಂಗ ಕಟ್ಟಿದ ಜಂಗಮ ತಾನು, ತನ್ನ ಲಿಂಗಕ್ಕೇ ಅಂಗೈ ಇಲ್ಲ. ಅದು ಎಡ ಅಂಗೈ ಏರಿ ಪೂಜೆಯಾಗುವ ತನಕ ರೊಟ್ಟಿ ಮುಟ್ಟುವುದಿಲ್ಲ ಎಂದು ಹಟ ಹಿಡಿದ. ಅಂದಿನಿಂದ ಬರೀ ಹಾಲು, ಗಂಜಿ. ಅಂಗಿ ಹೆಗಲಿನಿಂದ ಜೋತು ಬಿದ್ದಿತ್ತು.

“ನಿಮ್ಮ ಕೈ ಕೆಳಗ ನನ್ನ ಕೈ ಹಿಡೀತೀನ್ರಿ,” ಎಂದು ಪಾರ್ವತೆಮ್ಮ ಎಷ್ಟು ಸಲ ಕೇಳಿದರೂ ಒಂದೇ ಮಾತು: “ಒಮ್ಮೆ ಬಿಟ್ಟ ಕೈ ಅದು. ತಾನ ಹಿಡಿಬೇಕು.”

ಮನೆಗೊಂದು ಕನ್ನಡಿ ಬೇಕಾಯಿತು. ಬಾಜೂ ಮನೆಯ ಸರ್ದಾರಬಿ ತನ್ನ ಬಳೆ ಅಂಗಡಿಯದ್ದನ್ನೇ ಬಿಚ್ಚಿ ತಂದುಕೊಟ್ಟಳು. ಕೊಟ್ಟವಳು ಸುಮ್ಮನಿದ್ದಾಳೆಯೇ?

“ಅಯ್ಯಾರು ಮುಂಜಾನಿಂದ ಸಂಜಿತನಕ ಕನ್ನಡಿ ಮುಂದ ಕುಂತಾರಲ್ಲ ಪಾರ್ವತೆಕ್ಕ, ಎಲ್ಲೆರ ಕನ್ಯಾ ಗೊತ್ತಾಗೇತೇನು?”

“ಗೊತ್ತಾಗೇತಿ. ಮದುಮಗಳ ಬಳಿ ನಿನ್ನ ಅಂಗಡ್ಯಾಗ ಇಡಸ್ತೀನಿ ತಗೊ,” ಎಂದಳು ಪಾರ್ವತೆಮ್ಮ. ಕರಿಬಸಯ್ಯನ ಸೊಟ್ಟ ತುಟಿಯ ಒಂದು ಕಡೆ ನಕ್ಕಿತು.

ಚೆಂಡು ಹಿಡಿದದ್ದಾಯಿತು, ನಾಣ್ಯ ಎತ್ತಿದ್ದಾಯಿತು, ನೂರು ಸಲ ಮಡಚಿ ಬಿಚ್ಚಿದ್ದಾಯಿತು. ಕನ್ನಡಿಯ ಕೈ ದಿನದಿಂದ ದಿನಕ್ಕೆ ಚುರುಕಾಯಿತೇ ಹೊರತು ಹಿಂದಿನದು ಅಲ್ಲಾಡಲಿಲ್ಲ. ತನ್ನ ತಲೆ ಚೆಂಡನ್ನು ನಂಬುತ್ತಿಲ್ಲ ಎಂದು ಅವನಿಗೆ ಅನ್ನಿಸತೊಡಗಿತು. ಅರವತ್ತು ವರ್ಷದಲ್ಲಿ ಈ ಎಡಗೈ ಎಂದು ಚೆಂಡು ಹಿಡಿದಿತ್ತು?

ನಾಲ್ಕನೇ ವಾರದ ಒಂದು ಮುಂಜಾನೆ, ಸ್ನಾನವಾದ ಮೇಲೆ ಕನ್ನಡಿಯ ಮುಂದೆ ಕುಳಿತು, ಹೆಂಡತಿಗೆ ಕೊರಳಿನ ಕರಡಿಗೆ ಬಿಚ್ಚಿ ಲಿಂಗವನ್ನು ಬಲ ಅಂಗೈ ಮೇಲೆ ಇಡು ಎಂದ. ಇಟ್ಟ ಮೇಲೆ ಪಾರ್ವತೆಮ್ಮ ಬೆಚ್ಚಿದಳು.

“ಬಲಗೈಯಾಗ ಲಿಂಗ ಇಡತಾರೇನ್ರಿ? ಅದು ಪೂಜಿ ಮಾಡೋ ಕೈ.”

“ನನ್ನ ಕೈ ಯಾಕ ನೋಡ್ತಿ, ಅಲ್ಲಿ ನೋಡಬೇ,” ಎಂದು ಕನ್ನಡಿಯ ಕಡೆ ಗದ್ದ ತೋರಿಸಿದ. “ಎಡಗೈಯಾಗ ಐತಿಲ್ಲೋ?”

ಅವಳು ನೋಡಿದಳು. ಎಡಗೈಯಲ್ಲೇ ಇತ್ತು.

ಪೂಜೆ ಮಾಡಲು ಅವನಿಗೀಗ ಕೈ ಉಳಿದಿರಲಿಲ್ಲ. ಹೆಂಡತಿಗೆ ನೀರು ಹನಿಸಲು ಹೇಳಿದ. ಅವಳು ಗಿಂಡಿ ಬಗ್ಗಿಸಿದಳು. ಕರಿಬಸಯ್ಯ ಕಣ್ಣು ಕೀಳದೆ ಕನ್ನಡಿಯನ್ನೇ ನೋಡುತ್ತಿದ್ದ. ಕಪ್ಪು ಲಿಂಗದ ನೆತ್ತಿಯಿಂದ ನೀರು ಇಳಿದು, ಎಡ ಅಂಗೈಯ ಗೆರೆಗಳಲ್ಲಿ ಹರಡಿ, ಬೆರಳ ಸಂದಿಗೆ ಹೋಯಿತು. ಅವನ ಮೈ ಜುಂ ಎಂದಿತು.

“ಹಿಂದಿನ ಕೈಗೆ ಯಾಕ ಹಾಕಿದಿ ನೀರು?”

“ಎಲ್ಲಿ ಹಾಕೀನ್ರಿ?”

“ತಣ್ಣಗ ಹತ್ತಾಕತ್ತೈತಿ. ನೋಡು.”

ಅವಳು ಕನ್ನಡಿಯ ಹಿಂದೆ ಬಗ್ಗಿ ಮುಷ್ಟಿಯನ್ನು ಮುಟ್ಟಿ ನೋಡಿದಳು. “ಒಣಗೇ ಐತ್ರಿ.”

“ಒರಸು.”

“ಒಣಾ ಕೈ ಏನು ಒರಸ್ಲಿ?”

“ಒರಸಂದ್ರ ಒರಸಬೇ!”

ಅವಳು ಸೆರಗು ತೆಗೆದುಕೊಂಡಳು. ದಿನಾ ಎಣ್ಣೆ ಹಚ್ಚುವಾಗ ಆ ಬೆರಳುಗಳೊಡನೆ ಜಗಳವಾಡಿ ಗೊತ್ತಿದ್ದವಳು, ಕಿರುಬೆರಳನ್ನು ಹುಷಾರಾಗಿ ಎತ್ತಿದಳು. ಅದು ತಿರುಗಿ ಮಡಚಿಕೊಳ್ಳಲಿಲ್ಲ. ಉಂಗುರದ ಬೆರಳೂ ಎದ್ದಿತು. ಎಳೆಗೂಸಿನ ಕೈ ಒರೆಸಿದಂತೆ ಅಂಗೈ ಒರೆಸಿದಳು. ಕೊನೆಗೆ ಹೆಬ್ಬೆರಳು, ಯಾರೂ ಮುಟ್ಟದೆಯೇ, ತುಸು ಹೊರಗೆ ಸರಿಯಿತು.

ಇಬ್ಬರೂ ಅದನ್ನು ನೋಡಿದರು.

ಪಾರ್ವತೆಮ್ಮ ಕನ್ನಡಿಯನ್ನು ಎತ್ತಿ ಗೋಡೆಗೆ ಆನಿಸಿ, ತನ್ನ ಅಂಗೈಯನ್ನು ಅವನ ಎಡಗೈ ಕೆಳಗೆ ಒಡ್ಡಿದಳು. ಈ ಸಲ ಅವನು ಬೇಡ ಎನ್ನಲಿಲ್ಲ. ಬಲಗೈಯಿಂದ ಲಿಂಗವನ್ನು ಎಡ ಅಂಗೈಗೆ ದಾಟಿಸಿದ. ಅದು ಅಲುಗಿತು, ನಿಂತಿತು.

ಖಾಲಿಯಾದ ಬಲಗೈ ಪತ್ರಿಯ ಬುಟ್ಟಿಗೆ ಹೋಯಿತು. ದಳ ಹರಿಯದ ಒಂದು ಬಿಲ್ವಪತ್ರಿ ಆರಿಸಿಕೊಂಡು ಅವನು ತಿರುಗಿ ನೋಡುವಷ್ಟರಲ್ಲಿ ಹೆಂಡತಿಯ ಕೈ ಒಂದು ಬೆರಳಷ್ಟು ಕೆಳಗೆ ಇಳಿದಿತ್ತು; ಲಿಂಗ ಇದ್ದಲ್ಲೇ ಇತ್ತು. ಎರಡು ಕೈಗಳ ನಡುವಿನಿಂದ ಬಾಗಿಲಿನ ಬಿಸಿಲು ಒಂದು ಎಳೆಯಾಗಿ ಹಾಯ್ದು ನೆಲದ ಮೇಲೆ ಬಿದ್ದಿತ್ತು.