ಸೈಕಲ್‌ನಿಂದ ಇಳಿದ ಸಣ್ಣಸ್ವಾಮಿ

ಸಣ್ಣಸ್ವಾಮಿಯ ಎಡಗೈ ಮುರಿದದ್ದು ಕೇಳಿದವರು ನಗುವಂಥ ರೀತಿಯಲ್ಲಿ. ಕುಶಾಲನಗರದ ಬೀದಿಯಲ್ಲಿ ಒಂದು ಕರು ಅಡ್ಡ ಬಂತು. ಬ್ರೇಕ್ ಹಿಡಿದು ನಿಲ್ಲಿಸಿದ, ನಿಂತ ಸೈಕಲ್ ಸಮೇತ ಪಕ್ಕಕ್ಕೆ ವಾಲಿ ಕೈಯೂರಿದ. ಅಷ್ಟಕ್ಕೇ ಮಣಿಕಟ್ಟಿನ ಮೂಳೆ ಲಟಕ್ಕೆಂದಿತು. ಕರು ಮಾತ್ರ ಏನೂ ಆಗದ ಹಾಗೆ ಬಾಲ ಬೀಸಿಕೊಂಡು ಹೋಯಿತು.

ಹಿಂದಿನ ವರ್ಷವೂ ಹೀಗೇ ಸಣ್ಣದಾಗಿ ಬಿದ್ದು ಅವನ ಭುಜದ ಮೂಳೆ ಮುರಿದಿತ್ತು. ಹಾಗಂತ ಅವನೇನು ಬಡಕಲಲ್ಲ. ಕೊಡಗು ಇನ್ನೂ ತನ್ನದೇ ಸರ್ಕಾರ ಇಟ್ಟುಕೊಂಡಿದ್ದ ಆ ದಿನಗಳಲ್ಲಿ, ಪ್ರತಿ ಚಳಿಗಾಲ ಕುಶಾಲನಗರದಿಂದ ಮಡಿಕೇರಿಗೆ ಒಂದು ಸೈಕಲ್ ಪಂದ್ಯ ನಡೆಯುತ್ತಿತ್ತು. ಎರಡು ಸಲ ಅವನು ಅದರಲ್ಲಿ ಮೂರನೆಯವನಾಗಿ ಬಂದಿದ್ದ. ಮೈಸೂರಿನ ಬಸ್ಸಿನಲ್ಲಿ ಬರುವ ಪೇಪರನ್ನು ಸುಂಟಿಕೊಪ್ಪದ ಎಸ್ಟೇಟ್ ಬಂಗಲೆಗಳಿಗೆ ಮುಟ್ಟಿಸುವುದು ಅವನ ಕೆಲಸ. ಮೀಸೆ ಮೂಡುವ ಮೊದಲೇ ಸೈಕಲ್ ಹತ್ತಿದವನು ಇಳಿದದ್ದೇ ಕಮ್ಮಿ. ಗದ್ದೆ ಕೆಲಸವೆಲ್ಲ ಅಣ್ಣ ಪುಟ್ಟಸ್ವಾಮಿಯದು.

ಕೈ ತೋರಿಸಲು ಮಡಿಕೇರಿಗೆ ಹೆಂಡತಿ ಸುಬ್ಬಿಯೂ ಜೊತೆಗೆ ಬಂದಳು. ಅರಕಲಗೂಡಿನ ಕಡೆಯವಳು, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಡಾಕ್ಟರ್ ಬೊಳ್ಳಪ್ಪ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು.

"ನಿನ್ನ ವಯಸ್ಸಿಗೆ ಈ ಮೂಳೆ ತೆಳುವಾಯ್ತು ಕಣಪ್ಪಾ. ಬೆಳಗ್ಗೆ ಏನು ತಿಂತೀಯ?"

"ಹೋಟ್ಲಲ್ಲಿ ಕಾಫಿ, ಬನ್ನು."

"ಮಧ್ಯಾಹ್ನ?"

ಸುಬ್ಬಿ ಬಾಯಿ ಹಾಕಿದಳು. "ಮತ್ತೆ ಕಾಫಿ, ಬನ್ನೇ ಡಾಕ್ಟ್ರೇ. ಮುದ್ದೆ ತಿಂದ್ರೆ ಹೊಟ್ಟೆ ಭಾರ, ಸೈಕಲ್ ಓಡಲ್ಲ ಅಂತಾರೆ."

ಡಾಕ್ಟರು ಅವಳ ಕಡೆ ತಿರುಗಿದರು. "ನೀನು ಮನೇಲಿ ಏನು ಕೆಲಸ ಮಾಡ್ತೀಯಮ್ಮಾ?"

"ನೀರು ಹೊರ್ತೀನಿ, ಗೊಬ್ಬರ ಹೊರ್ತೀನಿ, ಸೊಪ್ಪು ಸೌದೆ ಹೊರ್ತೀನಿ."

"ನೀನೇನು ಹೊರ್ತೀಯಪ್ಪಾ?"

"ಪೇಪರು," ಎಂದ ಸಣ್ಣಸ್ವಾಮಿ. ಹೇಳಿದ ಮೇಲೆ ಅವನಿಗೇ ನಗು ಬಂತು.

ಡಾಕ್ಟರು ನಗಲಿಲ್ಲ. "ಸೈಕಲ್ ತುಳಿದ್ರೆ ಎದೆಗೂ ತೊಡೆಗೂ ಒಳ್ಳೇದೇ. ಆದ್ರೆ ಅಲ್ಲಿ ನಿನ್ನ ಮೈಭಾರ ಹೊರೋದು ಸೈಕಲ್ಲು. ಮೂಳೆ ಸುಮ್ನೆ ಕೂತಿರುತ್ತೆ. ಭಾರ ಹೊತ್ರೆ, ಹಾರಿ ಧುಮುಕಿದ್ರೆ ಮಾತ್ರ ಅದು ಗಟ್ಟಿಯಾಗೋದು. ಜೊತೆಗೆ ಅದಕ್ಕೆ ಬೇಕಾದ ಸುಣ್ಣದ ಅಂಶ ಊಟದಲ್ಲಿ ಸಿಗಬೇಕು." ರಾಗಿ, ಎಳ್ಳು, ಮೊಸರು ತಪ್ಪದೆ ತಿನ್ನಬೇಕು, ಹೊಳೆಮೀನು ಸಣ್ಣದಾಗಿದ್ದರೆ ಮುಳ್ಳಿನ ಸಮೇತ ಅಗಿಯಬೇಕು ಎಂದರು. ಮೂಳೆಗೆ ಬಿಸಿಲೂ ಬೇಕು, ಅದು ಕಾಣದ ಮಳೆಗಾಲಕ್ಕೆಂದು ಕಲ್ಲಿಕೋಟೆ ಕಡೆಯಿಂದ ಬರುವ ಶಾರ್ಕ್ ಮೀನಿನ ಎಣ್ಣೆ ಬರೆದುಕೊಟ್ಟರು. "ದಿನಕ್ಕೆ ಒಂದೇ ಸಣ್ಣ ಚಮಚ. ಇವತ್ತು ಕುಡಿದು ನಾಳೆ ಕಬ್ಬಿಣ ಆಗಲ್ಲ. ತಿಂಗಳುಗಟ್ಟಲೆ ಬಿಡದೆ ಮಾಡಬೇಕು."

ಪಂದ್ಯ ಸಂಕ್ರಾಂತಿ ಕಳೆದ ಮೇಲೆ. ಈಗಿನ್ನೂ ಮುಂಗಾರು ಹಿಡಿದಿರಲಿಲ್ಲ. "ಆಗುತ್ತೆ ಬಿಡಿ," ಎಂದ ಸಣ್ಣಸ್ವಾಮಿ.

ಕೈಗೆ ಪಟ್ಟಿ ಇರುವವರೆಗೆ ಅವನು ಮನೆಯ ಜಗಲಿಯಿಂದ ಅಂಗಳಕ್ಕೆ ಧುಮುಕಿದ. ಹತ್ತುವುದು, ಧುಮುಕುವುದು. ಹಾದಿಯಲ್ಲಿ ಹೋಗುವವರು ನಿಂತು ನೋಡಿ, "ಇವನಿಗೆ ಕೈ ಮುರೀತೋ, ತಲೆ ಕೆಟ್ಟಿತೋ?" ಎಂದರು. ಪಟ್ಟಿ ಬಿಚ್ಚಿದ ಮೇಲೆ ಸುಬ್ಬಿ ಬಾವಿಯ ಹಳೇ ಹಗ್ಗ ಕತ್ತರಿಸಿ ಕೊಟ್ಟಳು. ಹಗ್ಗದಾಟ ಹೆಣ್ಣುಮಕ್ಕಳದ್ದು ಅಂತ ಅವನು ಮೂಗು ಮುರಿದ. ಅವಳು ಸೆರಗು ಸಿಕ್ಕಿಸಿ ತಾನೇ ಹಾರಿ ತೋರಿಸಿದಳು. ಅವನು ಹಾರಲು ಹೋಗಿ ಎರಡು ಸಲ ಕಾಲಿಗೆ ಸುತ್ತಿಕೊಂಡ. ಆಮೇಲೆ ಹಟ ಹತ್ತಿತು.

ನಾಟಿಯ ಹೊತ್ತಿಗೆ ಅಣ್ಣನ ಜೊತೆ ಗದ್ದೆಗೂ ಇಳಿದ. ಪೇಪರ್ ಹಂಚಿ ಬಂದು, ಸಸಿಯ ಕಂತೆ ಹೊತ್ತು ಬದುವಿನ ಮೇಲೆ ನಡೆಯುತ್ತಿದ್ದ. ಮೊದಮೊದಲು ಕತ್ತು ಮರಗಟ್ಟುತ್ತಿತ್ತು. ಪುಟ್ಟಸ್ವಾಮಿಗೆ ಒಳಗೊಳಗೇ ಖುಷಿ. "ಇಷ್ಟು ವರ್ಷಕ್ಕೆ ನಮ್ಮನೇಲಿ ಇಬ್ರು ಗಂಡಸ್ರು ಆದಂಗಾಯ್ತು," ಎಂದು ಸುಬ್ಬಿಗೆ ಕೇಳುವಂತೆ ಹೇಳಿದ.

ಎಲ್ಲ ಸರಿಯಾಗಿತ್ತು. ಕೆಡಿಸಿದ್ದು ಸೈಕಲ್ ಅಂಗಡಿಯ ಕೂಸಪ್ಪನ ಸಲಹೆ. "ಒಂದು ಚಮಚದಲ್ಲಿ ಏನಾಗುತ್ತೆ ಮಾರಾಯ? ಗೆಲ್ಲೋನು ದೊಡ್ಡ ಲೋಟಕ್ಕೆ ಬಗ್ಗಿಸಿ ಕುಡೀಬೇಕು!" ಎಂದ ಅವನು. ಸಣ್ಣಸ್ವಾಮಿಗೆ ಅದು ಸರಿ ಎನಿಸಿತು. ಆ ನಾತಕ್ಕೆ ಮೂಗು ಮುಚ್ಚಿಕೊಂಡು ದಿನವೂ ಕದ್ದು ಸುರಿದುಕೊಳ್ಳತೊಡಗಿದ. ಮಳೆಗಾಲ ಮುಗಿಯುವ ಮೊದಲೇ ಅವನ ತುಟಿ ಬಿರಿಯಿತು, ಅಂಗೈ ಸಿಪ್ಪೆ ಏಳತೊಡಗಿತು. ಒಂದು ಬೆಳಗ್ಗೆ ತಲೆನೋವಿನಿಂದ ಏಳಲಾರದೆ, ತಿಂದದ್ದೆಲ್ಲ ವಾಂತಿ ಮಾಡಿಕೊಂಡ.

ಸುಬ್ಬಿ ಎಣ್ಣೆಯ ಖಾಲಿ ಬಾಟಲಿಗಳನ್ನು ನೋಡಿದಳು, ಅವನ ಮುಖ ನೋಡಿದಳು. ಅವನನ್ನು ಮಡಿಕೇರಿಯ ಬಸ್ಸು ಹತ್ತಿಸಿದಳು.

ಕೂಸಪ್ಪನ ಮಾತು ಕೇಳಿ ಲೋಟಗಟ್ಟಲೆ ಕುಡಿದೆ ಎಂದು ಸಣ್ಣಸ್ವಾಮಿ ಒಪ್ಪಿಕೊಂಡಾಗ ಬೊಳ್ಳಪ್ಪನವರು ಮೇಜು ಗುದ್ದಿದರು. "ಮೂಳೆಗೆ ಒಳ್ಳೇದು ಅಂತ ಕೊಟ್ಟದ್ದನ್ನ ಅತಿಯಾಗಿ ಕುಡಿದ್ರೆ ಅದು ಮೂಳೆಯನ್ನೇ ಹಾಳು ಮಾಡುತ್ತೆ! ಇನ್ನು ಒಂದು ಹನಿಯೂ ಬೇಡ. ಬಿಸಿಲು ಬರ್ತಾ ಇದೆ, ಅದು ಸಾಕು. ಊಟ, ಕೆಲಸ, ಹಾರಾಟ ಮುಂದುವರೀಲಿ."

ವಾಪಸು ಬರುವಾಗ ಸಣ್ಣಸ್ವಾಮಿ ಬಾಯಿಬಿಟ್ಟ. "ಬೈಯಲ್ವಾ?"

"ಬೈಸಿಕೊಂಡಾಯ್ತಲ್ಲ. ಪಂದ್ಯಕ್ಕೆ ಹೋಗೋರು ನೀವು, ಕೂಸಪ್ಪ ಅಲ್ಲ," ಎಂದಳು ಸುಬ್ಬಿ. ಅಷ್ಟು ಸಾಕಾಯಿತು. ಎರಡು ವಾರ ಮಲಗಿ ಎದ್ದವನು ಮತ್ತೆ ಹಗ್ಗ ಹಿಡಿದ. ಕೊಯ್ಲಿನಲ್ಲಿ ಭತ್ತದ ಹೊರೆ ಹೊತ್ತ.

ಪಂದ್ಯದ ಬೆಳಗ್ಗೆ ಮಂಜು ಇನ್ನೂ ಕಾವೇರಿಯ ಮೇಲೆಯೇ ಕೂತಿತ್ತು. ಸುಬ್ಬಿ ಮುಂಚೆಯೇ ಬಸ್ಸಿನಲ್ಲಿ ಮಡಿಕೇರಿಗೆ ಹೊರಟುಹೋಗಿದ್ದಳು. ಸುಂಟಿಕೊಪ್ಪದವರೆಗೆ ಸಣ್ಣಸ್ವಾಮಿ ಐದಾರು ಜನರ ಹಿಂದೆಯೇ ಇದ್ದ. ಏರು ಶುರುವಾದ ಮೇಲೆ ಒಬ್ಬೊಬ್ಬರನ್ನೇ ದಾಟಿದ. ಕೊನೆಗೆ ಅವನ ಮುಂದೆ ಉಳಿದವನು ಗೋಣಿಕೊಪ್ಪಲಿನ ಸೋಮ ಒಬ್ಬನೇ, ಹೋದ ವರ್ಷ ಗೆದ್ದವನು.

ಒಂದು ತಿರುವು ಕಳೆಯುತ್ತಲೇ ಇಬ್ಬರೂ ಬ್ರೇಕ್ ಹಾಕಬೇಕಾಯಿತು. ಮರದ ಲಾರಿಯೊಂದು ಮಗುಚಿ, ದಿಮ್ಮಿಗಳು ರಸ್ತೆಯ ಉದ್ದಗಲಕ್ಕೂ ಉರುಳಿದ್ದವು. ಸೋಮ ಕೆಳಗಿಳಿದು, ಸಂದಿ ಎಲ್ಲಿದೆ ಎಂದು ಹುಡುಕುತ್ತಾ ನಿಂತ. ಸಣ್ಣಸ್ವಾಮಿ ಸೈಕಲನ್ನು ಹೆಗಲಿಗೆ ಎತ್ತಿಕೊಂಡು ಪಕ್ಕದ ದಿಬ್ಬ ಹತ್ತಿದ. ಭತ್ತದ ಹೊರೆಯ ಮುಂದೆ ಅದೇನು ಭಾರ! ಕಾಫಿ ಗಿಡಗಳ ನಡುವೆ ಓಡಿ, ದಿಮ್ಮಿಗಳಾಚೆ ರಸ್ತೆಗೆ ಇಳಿಯುವಾಗ ಮಣ್ಣು ಜಾರಿತು. ದಬ್ಬೆಂದು ಬಿದ್ದ. ಎಡಗೈ ಕೆಳಗೆ, ಸೈಕಲ್ ಮೇಲೆ.

ಕೈಯ ಕಡೆ ನೋಡಲು ಹೆದರಿಕೆಯಾಯಿತು. ಮೆಲ್ಲಗೆ ಬೆರಳು ಆಡಿಸಿದ, ಆಡಿದವು. ಮಣಿಕಟ್ಟು ತಿರುವಿದ, ತಿರುಗಿತು. ಚರ್ಮ ತರಚಿ ರಕ್ತ ಜಿನುಗುತ್ತಿತ್ತು, ಅಷ್ಟೇ. "ಏನೂ ಆಗಿಲ್ಲ!" ಎಂದು ಖಾಲಿ ರಸ್ತೆಗೆ ಕೂಗಿ ಹೇಳಿ ಪೆಡಲ್ ಮೆಟ್ಟಿದ.

ಕೊನೆಯ ಏರಿನಲ್ಲಿ ಸೋಮ ಹಿಂದಿನಿಂದ ಬಂದು ಸೇರಿಕೊಂಡ. ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ತುಳಿದರು. ಜನರ ಕೂಗಿನ ನಡುವೆ ಮೊದಲು ಗೆರೆ ದಾಟಿದ್ದು ಸೋಮನ ಚಕ್ರ, ಗೇಣಷ್ಟು ಅಂತರದಲ್ಲಿ.

ಪಂದ್ಯ ನೋಡಲು ಬಂದಿದ್ದ ಬೊಳ್ಳಪ್ಪನವರು ಸಣ್ಣಸ್ವಾಮಿಯ ಎಡಗೈಯನ್ನು ಒತ್ತಿ ಒತ್ತಿ ನೋಡಿದರು. "ಗಟ್ಟಿ ಇದೆ."

"ಮುದ್ದೆಯಿಂದಲಾ ಡಾಕ್ಟ್ರೇ, ಹಗ್ಗದಿಂದಲಾ?" ಎಂದು ಕೇಳಿದಳು ಸುಬ್ಬಿ.

"ಒಂದು ಸಲ ಬಿದ್ದು ಉಳಿದದ್ದಕ್ಕೆ ಇಂಥದ್ದೇ ಕಾರಣ ಅಂತ ನಾನು ಹೇಳಲಾರೆ ತಾಯಿ. ಎರಡನ್ನೂ ಬಿಡಬೇಡಿ. ಅಷ್ಟು ಮಾತ್ರ ಹೇಳಬಲ್ಲೆ."

"ಬಿಡಲ್ಲ," ಎಂದ ಸಣ್ಣಸ್ವಾಮಿ. "ಬರೋ ವರ್ಷ ಆ ಗೇಣು ನನ್ನದು."

ಊಟ ಮುಗಿಸಿದ ಮೇಲೆ ಸುಬ್ಬಿ ಬಸ್‌ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದಳು. ಅವನು ಸೈಕಲ್ ತಂದು ಎದುರಿಗೆ ನಿಲ್ಲಿಸಿ, ಹಿಂದಿನ ಕ್ಯಾರಿಯರ್ ತಟ್ಟಿದ. ಅವಳು ಸುತ್ತಲೂ ಒಮ್ಮೆ ನೋಡಿ, ಸೀರೆ ಒತ್ತರಿಸಿಕೊಂಡು ಹತ್ತಿ ಕೂತಳು. ಕುಶಾಲನಗರದ ಕಡೆಗೆ ಇಳಿಜಾರು ಶುರುವಾಯಿತು, ಸಣ್ಣಸ್ವಾಮಿ ತುಳಿಯುವುದನ್ನು ನಿಲ್ಲಿಸಿ ಗಾಳಿಗೆ ಎದೆ ಕೊಟ್ಟ.