ಗಾರ್ಡ್ ಬಿಚ್ಚಿದವನು

ಸೀಮೆಎಣ್ಣೆ ಬಟ್ಟೆಯಿಂದ ಎಷ್ಟು ತಿಕ್ಕಿದರೂ ಅಣ್ಣನ ಬೆರಳುಗಳಿಂದ ಜೀಪಿನ ಚಾಸಿಯ ಕಪ್ಪು ಬಣ್ಣ ಬಿಡುತ್ತಿರಲಿಲ್ಲ. ವಿನೋದ ಇನ್ನೂ ಜೋರು ಮಾಡಿದ.

“ಮೆಲ್ಲಕ ತಿಕ್ಕೋ ವಿನೋದಾ, ಚರ್ಮ ಕಿತ್ತೀತು,” ಎಂದಳು ಅತ್ತಿಗೆ ನೀಲಗಂಗವ್ವ.

ಬನವಾಸಿಯ ಆ ಮನೆಯ ಪಡಸಾಲೆಯಲ್ಲಿ ಅಣ್ಣ ಮಡಿವಾಳಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕುತ್ತಿಗೆಯ ಗಾಯಕ್ಕೆ ವಿಭೂತಿ ಮೆತ್ತಿ ಬಟ್ಟೆ ಸುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಗ್ಯಾರೇಜಿನ ಮಾಲೀಕ ಕೆರಿಯಪ್ಪನಿಗೆ ಸಾವಿಗಿಂತ, ಅದಕ್ಕೆ ಕಾರಣವಾದ ತಪ್ಪೇ ಅರಗುತ್ತಿರಲಿಲ್ಲ.

“ಮೂವತ್ತು ವರ್ಷ ಚಾಸಿ ಉಜ್ಜಿದಾಂವ. ತುಕ್ಕು ಮುಟ್ಟಿ ನೋಡಿ ಬ್ರಶ್ ಆರಿಸ್ತಿದ್ದ. ಸಣ್ಣ ಮಶೀನಿಗೆ ದೊಡ್ಡ ಬ್ರಶ್ ಹಾಕ್ಯಾನಂದ್ರ ನಂಬಾಕ ಆಗವಲ್ದು.”

“ವಯಸ್ಸಾಗಿತ್ತಲ್ರೀ, ಕಣ್ಣು ಮಂಜಾಗಿದ್ವು,” ಎಂದ ವಿನೋದ.

“ನಿನ್ನೆ ಮುಂಜಾನೆ ನನ್ನ ಸೂಜಿಗೆ ಅವರೇ ದಾರ ಪೋಣಿಸಿ ಕೊಟ್ಟಾರ,” ಎಂದಳು ನೀಲಗಂಗವ್ವ.

ವಿನೋದ ಬಟ್ಟೆಗೆ ಮತ್ತಷ್ಟು ಸೀಮೆಎಣ್ಣೆ ಸುರಿದುಕೊಂಡ.

*

ನಿನ್ನೆ ಸಿರ್ಸಿಯ ಗ್ಯಾರೇಜಿನಲ್ಲಿ ಹಳೆ ಜೀಪಿನ ಚಾಸಿ ಬಿಚ್ಚಿಟ್ಟಿತ್ತು. ಸಂದಿಗೆ ಕೈಬ್ರಶ್ಶು, ದಪ್ಪ ತುಕ್ಕಿಗೆ ಹೆಣೆದ ತಂತಿಯದು, ಬಣ್ಣಕ್ಕೆ ಮುಂಚೆ ಮೆತ್ತನೆಯದು ಎಂದು ಅಣ್ಣ ಸಾವಕಾಶ ಆರಿಸುತ್ತ ಕೂತಿದ್ದ. ಜೊತೆಗೆ ಕೆಲಸಕ್ಕಿದ್ದ, ಹಾಳು ಅವಸರದ ವಿನೋದನಿಗೆ ಮೈಯೆಲ್ಲ ಉರಿಯಿತು. ತುಕ್ಕು ಉಜ್ಜುವ ದೊಡ್ಡ ಮಶೀನಿನ ತಂತಿ ಬ್ರಶ್ಶನ್ನು, ಅದಕ್ಕಿಂತ ಎರಡು ಪಟ್ಟು ವೇಗವಾಗಿ ತಿರುಗುವ ಸಣ್ಣ ಮಶೀನಿಗೆ ಸಿಕ್ಕಿಸಿದ. ಅಡ್ಡ ಬರುತ್ತದೆಂದು, ಸಿಡಿಯುವ ಚೂರು ತಡೆಯುವ ಗಾರ್ಡನ್ನೂ ಬಿಚ್ಚಿ ಎಸೆದು, ಮಶೀನು ಚಾಲೂ ಮಾಡಿದ.

“ಲೇ, ಆ ಸ್ಪೀಡು ಅದು ತಡಕೊಳ್ಳಾಂಗಿಲ್ಲ! ಬಂದ್ ಮಾಡು!” ಎನ್ನುತ್ತ ಅಣ್ಣ ಓಡಿ ಬಂದ.

ಬ್ರಶ್ಶು ಸಿಡಿಯಿತು. ತಂತಿಯ ಗೊಂಚಲು ಅಣ್ಣನ ಕುತ್ತಿಗೆಗೆ ಹೊಕ್ಕು, ರಕ್ತ ಚಾಸಿಯ ಮೇಲೆ ಚಿಮ್ಮಿತು. ಅವನಿನ್ನೂ ಒದ್ದಾಡುತ್ತಿರುವಾಗಲೇ ವಿನೋದ ಮಶೀನನ್ನು ಅವನ ಕೈಗೆ ಹಿಡಿಸಿದ. ಜನರನ್ನು ಕೂಗಿದ್ದು ಆಮೇಲೆ.

*

ಸ್ಮಶಾನದಲ್ಲಿ ವಿನೋದ ಗುಂಡಿಗಿಳಿದು ಮಂಡಿಯೂರಿ, ಅದರ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಅಣ್ಣನನ್ನು ಕೂರಿಸಿದ. ಮೇಲೆ ಯಾರೋ, “ಪಾಪ, ತನ್ನ ತಪ್ಪಿಗೆ ತಾನೇ ಹೋದ,” ಎಂದರು. ನೀಲಗಂಗವ್ವನ ತಲೆ ತಗ್ಗಿತು. ಅದೊಂದನ್ನು ವಿನೋದನಿಗೆ ನೋಡಲಾಗಲಿಲ್ಲ.

“ಬ್ರಶ್ ಹಾಕಿದಾಂವ ನಾನು! ಗಾರ್ಡ್ ಬಿಚ್ಚಿದಾಂವ ನಾನು! ಮಶೀನ್ ಅವನ ಕೈಯಾಗ ಇಟ್ಟಾಂವನೂ ನಾನೇ!”

ಅಣ್ಣನ ಮಗ ಶರಣ ಗುಂಡಿಗೆ ಹಾರಿ ಕಾಕನ ಮುಖಕ್ಕೆ ಗುದ್ದಿದ. ಹಲ್ಲು ಮುರಿಯಿತು. ಮತ್ತೆ ಗುದ್ದಿದ. ಕೆರಿಯಪ್ಪ ಅವನ ರಟ್ಟೆ ಹಿಡಿದು ಮೇಲಕ್ಕೆಳೆದ. ಆ ಜಗ್ಗಾಟದಲ್ಲಿ ಹೆಣದ ತಲೆ ವಾಲಿತು.

“ಸಾಕು!” ನೀಲಗಂಗವ್ವ ಚೀರಿದಳು. “ನನ್ನ ಗಂಡನ ತಲಿ ವಾಲಾಕತ್ತೈತಿ. ಹಿಡಿಯೋ ವಿನೋದಾ. ಮಣ್ಣು ತುಂಬೋತನಕ ಬಿಡಬ್ಯಾಡ.”

ವಿನೋದ ಆ ಕುತ್ತಿಗೆಯನ್ನು ಎರಡೂ ಕೈಗಳಲ್ಲಿ ಹಿಡಿದ. ಬಟ್ಟೆಯಡಿಯ ಗಾಯ ಅಂಗೈಗೆ ತಾಗಿತು. ಶರಣ ಸಲಿಕೆ ಎತ್ತಿಕೊಂಡ. ಮಣ್ಣು ವಿನೋದನ ತೊಡೆ ಮುಚ್ಚಿತು, ಸೊಂಟಕ್ಕೆ ಬಂತು, ಅಣ್ಣನ ಎದೆಗೆ ಬಂತು. ವಿನೋದನನ್ನು ಎತ್ತಲು ಮೇಲಿನಿಂದ ಯಾರೂ ಕೈ ಚಾಚಲಿಲ್ಲ. ಶರಣನ ಸಲಿಕೆಯೂ ನಿಲ್ಲಲಿಲ್ಲ.