ಹತ್ತರ ಬೇರಿಂಗು, ಇಪ್ಪತ್ತರ ನಗು

ಕೊನೆಯ ಬೋಲ್ಟು ಬಿಗಿದು ಮಾಯ್‌ವೋರ್ ಉದ್ದನೆಯ ಸ್ಪ್ಯಾನರ್ ಹಾಕಿ ಜಗ್ಗಿದಳು. ಜಪ್ಪಯ್ಯ ಅಂದರೂ ಎಂಜಿನ್ನನ್ನು ತಿರುಗಿಸುವ ಕ್ರ್ಯಾಂಕು ಅಲುಗಲಿಲ್ಲ.

"ಅಕ್ಕಾ, ನೀನು ಎಂಜಿನ್ ಕಟ್ಟಿದ್ಯೋ, ಗೋರಿ ಕಟ್ಟಿದ್ಯೋ?" ಎಂದ ತಮ್ಮ ಹೆಲ್ಗೆ, ಕಾಫಿ ಹೀರುತ್ತ. ಎಂಜಿನ್ ಊಟದ ಮೇಜಿನ ಮೇಲಿತ್ತು. ಮೂರು ವಾರದಿಂದ ಇಬ್ಬರದೂ ಊಟ ತೊಡೆಯ ಮೇಲೆಯೇ.

"ಬಾಯ್ಮುಚ್ಕೊಂಡು ಕೈ ಹಾಕು ಬಾರೋ."

ನಾಳೆ ಮಾಯ್‌ವೋರ್‌ಳ ಮೊಮ್ಮಗಳು ತೂವಾ ಶಾಲೆ ಮುಗಿಸುವ ದಿನ. ಬಿಳಿ ಟೋಪಿ ತೊಟ್ಟ ಹುಡುಗ ಹುಡುಗಿಯರೆಲ್ಲ ಕೇಕೆ ಹಾಕುತ್ತ ಬಾಗಿಲಿಂದ ಹೊರಗೆ ನುಗ್ಗುತ್ತಾರೆ, ಬರ್ಚ್ ಮರದ ಸೊಪ್ಪು ಕಟ್ಟಿದ ಗಾಡಿಗಳ ಮೇಲೆ ಮೆರವಣಿಗೆ ಹೊರಡುತ್ತಾರೆ. ನಿನ್ನ ತಾತನ ಹಳೆಯ ವೋಲ್ವೋ ಕಾರಿನಲ್ಲೇ ನಿನ್ನ ಮೆರವಣಿಗೆ ಎಂದು ಅಜ್ಜಿ ಮಾತು ಕೊಟ್ಟಿದ್ದಳು. ಅದನ್ನು ನಂಬಿ ತೂವಾ ಗೆಳತಿಯರ ಲಾರಿಯಲ್ಲಿದ್ದ ತನ್ನ ಜಾಗವನ್ನು ಬಿಟ್ಟುಕೊಟ್ಟಿದ್ದಳು.

ಬಿಚ್ಚಿ ನೋಡಿದರೆ ಕ್ರ್ಯಾಂಕನ್ನು ಹಿಡಿದಿಡುವ ಬೇರಿಂಗಿನ ಬೆನ್ನ ಮೇಲೆ ಅಳತೆ ಇಪ್ಪತ್ತು ಎಂದಿತ್ತು. ಸವೆದ ಕ್ರ್ಯಾಂಕನ್ನು ಸಾಣೆ ಹಿಡಿಸಿದ ಮೇಲೆ ಅದಕ್ಕೆ ಬೇಕಾಗಿದ್ದದ್ದು ಹತ್ತರದು. ಇಪ್ಪತ್ತರದು ಇನ್ನೂ ದಪ್ಪ. ಕ್ರ್ಯಾಂಕಿನ ಕತ್ತು ಹಿಸುಕಿ ಕೂತಿತ್ತು.

"ಬೇರಿಂಗು ತರಿಸುವಾಗ ಫೋನಲ್ಲಿ ಏನಂದೆ?"

"ತೆಂಕಣದ ಸ್ಕೋನೆಯ ಅಂಗಡಿಯವನು 'ಹತ್ತಾ?' ಅಂದ. ಹೌದು ಅಂದೆ."

"ಹೇಗಂದೆ?"

ಮಾಯ್‌ವೋರ್ ತುಟಿ ಚೂಪು ಮಾಡಿ 'ಷ್ಯೂ' ಎಂದು ಉಸಿರೆಳೆದಳು. ಬಡಗಣದ ಈ ಸೀಮೆಯಲ್ಲಿ ಹೌದು ಎನ್ನುವುದೇ ಹಾಗೆ. ಮದುವೆಗೂ ಅಷ್ಟೇ, ಸಾಲಕ್ಕೂ ಅಷ್ಟೇ. ಚಳಿಗೆ ಹೆದರಿ ನಮ್ಮ ಜನ ಮಾತನ್ನೂ ಒಳಕ್ಕೆಳೆದುಕೊಳ್ಳುತ್ತಾರೆ. ತೆಂಕಣದವನ ಫೋನಿಗೆ ಅದೆಲ್ಲಿ ಕೇಳಬೇಕು?

"ಆಮೇಲೆ?"

"'ಹಾಗಾದ್ರೆ ಇಪ್ಪತ್ತಾ?' ಅಂದ. ಹತ್ತು ಅಂತ ಹೇಳಿಯಾಗಿದೆ, ಇವನು ತಮಾಷೆ ಮಾಡ್ತಿದಾನೆ ಅನ್ಕೊಂಡು ಜೋರಾಗಿ ನಕ್ಕೆ."

ಹೆಲ್ಗೆ ನಕ್ಕ ರಭಸಕ್ಕೆ ಕಾಫಿ ಮೂಗಿನಿಂದ ಬಂತು. ಮಾಯ್‌ವೋರ್‌ಗೂ ತಡೆಯಲಾಗಲಿಲ್ಲ. ಗ್ರೀಸ್ ಕೈಯಲ್ಲೇ ಕಣ್ಣೊರೆಸಿಕೊಂಡು ಇಬ್ಬರೂ ಕರಿ ಕೋತಿಗಳಾದರು. ನಗು ಇಳಿದ ಮೇಲೆ ಅವಳು ಸ್ಪ್ಯಾನರ್ ಕೆಳಗಿಟ್ಟಳು. "ಆ ಮಗು ಮುಖ ಹೇಗೋ ನೋಡ್ಲಿ?"

"ಎಂಜಿನ್ ಇಲ್ದಿದ್ರೇನು, ಚಕ್ರ ಇಲ್ವಾ? ನನ್ನ ಟ್ರಾಕ್ಟರ್ ಎಳೆಯುತ್ತೆ."

ಮರುದಿನ ಹಗ್ಗ ಕಟ್ಟಿಸಿಕೊಂಡ ಕಾರು, ಮೈತುಂಬ ಸೊಪ್ಪು ಹೊತ್ತು, ಸಗಣಿ ವಾಸನೆಯ ಟ್ರಾಕ್ಟರಿನ ಹಿಂದೆ ಶಾಲೆಗೆ ಬಂತು. ಮಾಯ್‌ವೋರ್ ಸ್ಟೀರಿಂಗಿನ ಹಿಂದೆ ನಾಚಿಕೆಯಿಂದ ಹಿಡಿಯಾಗಿ ಕೂತಿದ್ದಳು.

ತೂವಾ ಓಡಿಬಂದಳು. ಹಗ್ಗ ನೋಡಿದಳು, ಬಾನೆಟ್ ಎತ್ತಿದಳು.

"ಅಜ್ಜೀ! ಎಂಜಿನ್ ಎಲ್ಲಿ?"

"ಊಟದ ಮೇಜಿನ ಮೇಲೆ," ಎಂದಳು ಅಜ್ಜಿ. "ಮಾತು ತಪ್ಪಿದೆ ಕಣೇ ಪುಟ್ಟಿ."

ಹುಡುಗಿ ಖಾಲಿ ಗುಂಡಿಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಚಪ್ಪಲಿ ಕಳಚಿ, ಬಿಳಿ ಲಂಗ ಎತ್ತಿಕಟ್ಟಿ, ಎಂಜಿನ್ ಇರಬೇಕಾದ ಜಾಗಕ್ಕೇ ಹಾರಿ ನಿಂತಳು.

"ಇಷ್ಟು ಒಳ್ಳೆ ಸೀಟು ಇದೆ ಅಂತ ಮೊದಲೇ ಹೇಳೋದಲ್ವಾ! ಹೆಲ್ಗೆ ತಾತಾ, ಹಗ್ಗ ಬಿಚ್ಚು!"

ಲಾರಿಯಲ್ಲಿದ್ದ ಗೆಳತಿಯರೆಲ್ಲ ಧುಮುಕಿ ಬಂದು ಹಿಂದಿನಿಂದ ಕಾರು ತಳ್ಳತೊಡಗಿದರು. ಎತ್ತಿದ ಬಾನೆಟ್ ಅಡ್ಡವಾಗಿ ಮಾಯ್‌ವೋರ್‌ಗೆ ರಸ್ತೆಯೇ ಕಾಣುತ್ತಿರಲಿಲ್ಲ.

"ಎಲ್ಲಿಗೆ ಹೋಗ್ತಿದೀವೇ?" ಎಂದು ಕೂಗಿದಳು.

"ಬಲಕ್ಕೆ ತಿರುಗ್ಸು ಅಜ್ಜೀ! ನಾನಿದೀನಲ್ಲ!"

ಅಜ್ಜಿ ಕಣ್ಣೊರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಬಲಕ್ಕೆ ತಿರುಗಿಸಿದಳು.